ಮೈಸೂರಿಗೆ ಹೋದರೆ ಅರಮನೆ ಕೊನೆಗಿರಲಿ

ನಾನು ಮೊದಲ ಸಲ ಮೈಸೂರು ನೋಡಿದ್ದು ಟೂರ್ ಪ್ಯಾಕೇಜಿನಲ್ಲಿ. ಬೆಳಿಗ್ಗೆ ಬೆಂಗಳೂರು ಬಿಟ್ಟು, ಒಂದೇ ದಿನ ಎಂಟು ಜಾಗ ಸುತ್ತಿ, ರಾತ್ರಿಗೆ ವಾಪಸ್. ಅರಮನೆಗೆ ಕೊಟ್ಟಿದ್ದು ಮುಕ್ಕಾಲು ಗಂಟೆ. ಮನೆಗೆ ಬಂದ ಮೇಲೆ ನೆನಪಿದ್ದದ್ದು ಪಾರ್ಕಿಂಗ್ ಜಾಗ ಮತ್ತು ಗೈಡ್ ಎತ್ತಿ ಹಿಡಿದಿದ್ದ ಕೆಂಪು ಛತ್ರಿ, ಅಷ್ಟೇ.

ಆಮೇಲೆ ಹೋದಾಗಲೆಲ್ಲ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ಅರಮನೆಗೆ ಹೂವು ಕೊಟ್ಟವರು, ಬಾಗಿಲು ಮಾಡಿದವರು, ಅದರ ಮುಂದೆ ಕುಸ್ತಿ ಆಡಿದವರು ಇದ್ದ ಬೀದಿಗಳು. ಅರಮನೆ ಕಟ್ಟಕಡೆಗೆ. ಎರಡು ದಿನ ಸಾಕು.

ದಿನ ಯಾವುದು?

ಶನಿವಾರ, ಭಾನುವಾರ ಇಟ್ಟುಕೊಳ್ಳಿ. ಅರಮನೆಯ ದೀಪ ಹತ್ತುವುದು ಭಾನುವಾರ ಮತ್ತು ಸರ್ಕಾರಿ ರಜೆ ದಿನಗಳ ಸಂಜೆ. ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿ ರೂಮು ಸಿಕ್ಕರೆ ಮುಕ್ಕಾಲು ಪಾಲು ಓಡಾಟ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ.

ಶನಿವಾರ, ಬೆಳಕು ಹರಿಯುವ ಮುಂಚೆ

ಚಾಮುಂಡಿ ಬೆಟ್ಟದ ಪಾದಕ್ಕೆ ಆಟೋದಲ್ಲಿ ಹೋಗಿ. ಮೇಲಕ್ಕೆ ಮಾತ್ರ ಮೆಟ್ಟಿಲು ಹತ್ತಿಯೇ ಹೋಗಿ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಕಟ್ಟಿಸಿದವರು 17ನೇ ಶತಮಾನದ ದೊಡ್ಡದೇವರಾಜ ಒಡೆಯರು. ಒಮ್ಮೆ ನನ್ನ ಮುಂದೆ ಒಬ್ಬ ಹೆಂಗಸು ಪ್ರತಿ ಮೆಟ್ಟಿಲಿಗೂ ಬಗ್ಗಿ, ಅರಿಸಿನ ಒಂದು ಬೊಟ್ಟು, ಕುಂಕುಮ ಒಂದು ಬೊಟ್ಟು ಇಡುತ್ತ ಹತ್ತುತ್ತಿದ್ದರು. ಬೆರಳಿನ ತುದಿಯಿಂದ ಅಂಗೈವರೆಗೆ ಹಳದಿ. ನಾನು ಕೈಬೀಸಿಕೊಂಡು ಹತ್ತುತ್ತಿದ್ದರೂ ಮೂರು ಸಲ ಕೂತೆ, ಅವರು ಒಂದು ಸಲವೂ ಕೂರಲಿಲ್ಲ. ಆಷಾಢ ಶುಕ್ರವಾರಗಳಲ್ಲಿ ಇಂಥವರು ನೂರಾರು ಜನ ಇರುತ್ತಾರೆ. ಹಾಗಾಗಿ ಸುಮ್ನೆ ನೋಡಲು ಬರುವವರು ಆ ದಿನಗಳನ್ನು ಬಿಡುವುದೇ ಒಳ್ಳೆಯದು.

ದಾರಿಯಲ್ಲಿ ನಂದಿ ಸಿಗುತ್ತದೆ. ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಸುಮಾರು 16 ಅಡಿ. ಎದುರು ನಿಂತು ಫೋಟೊ ತೆಗೆದು ಹೊರಡಬೇಡಿ. ಒಂದು ಸುತ್ತು ಬನ್ನಿ, ಕುತ್ತಿಗೆಯ ಗಂಟೆಸರ ಬಿಡಿಬಿಡಿಯಾಗಿ ಕಾಣುತ್ತದೆ. ಇಳಿಯಲು ಸಿಟಿ ಬಸ್ ಇದೆ. ಮಂಡಿಗೆ ಕೆಲಸ ಕೊಡುವುದು ಇಳಿಜಾರು, ಏರು ಅಲ್ಲ.

ಹಸಿವಾಗಿರುತ್ತದೆ ಅಲ್ವಾ? ಮೈಲಾರಿ ದೋಸೆ ತಿನ್ನಿ. ಗರಿಗರಿ ಬಯಸಿದವರಿಗೆ ನಿರಾಸೆ. ಇದು ಹತ್ತಿಯಂಥ ಮೆತ್ತನೆ ದೋಸೆ, ಒಳಗೆ ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ. ಎರಡು ಹೇಳಿ. ಒಂದಕ್ಕೆ ಯಾರೂ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಮಾರ್ಕೆಟ್ಟಿಗೆ ಚಿಲ್ಲರೆ ಇಟ್ಟುಕೊಂಡು ಹೋಗಿ

ಚಿಕ್ಕ ಗಡಿಯಾರದ (ಗಡಿಯಾರ ಗೋಪುರ) ಕಡೆಯಿಂದ ದೇವರಾಜ ಮಾರುಕಟ್ಟೆಗೆ ನಡೆಯಿರಿ. 2016ರಲ್ಲಿ ಇದರ ಒಂದು ಭಾಗ ಕುಸಿದಿತ್ತು. ಕೆಡವಬೇಕಾ, ಉಳಿಸಬೇಕಾ ಅನ್ನುವ ಜಗಳ ಆಗಿನಿಂದ ಊರಲ್ಲಿದೆ. ಒಳಗಿನವರಿಗೆ ಅದರ ಗೊಡವೆ ಇಲ್ಲದ ಹಾಗೆ ವ್ಯಾಪಾರ ನಡೆದಿರುತ್ತದೆ. ಕುಂಕುಮದ ಗೋಪುರಗಳ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ನೀವು ಹೂವಿನ ಸಾಲಿಗೆ ಹೋಗಿ.

ಅಲ್ಲಿ ಮೈಸೂರು ಮಲ್ಲಿಗೆ ಕೊಡುವುದು ತಕ್ಕಡಿಯಲ್ಲಲ್ಲ, ಮೊಳದಲ್ಲಿ. ಅಜ್ಜಿ ದಂಡೆಯ ತುದಿಯನ್ನು ಮೊಣಕೈಗೆ ಒತ್ತಿ ಹಿಡಿದು, ನಡುಬೆರಳಿನವರೆಗೆ ಎಳೆದು ಅಳೆಯುತ್ತಾರೆ.

“ನಿಮ್ಮ ಕೈ ಚಿಕ್ಕದು ಅಜ್ಜಿ, ನನ್ನ ಕೈಯಲ್ಲಿ ಅಳೀರಿ” ಅಂದೆ ಒಮ್ಮೆ.

“ನಿನ್ ಕೈಯಲ್ಲಿ ಅಳೆದ್ರೆ ರೇಟೂ ನಿನ್ ಕೈಯಷ್ಟೇ ಉದ್ದ ಆಯ್ತದೆ ಕಣವ್ವ” ಅಂದರು. ಆದರೂ ಅಳತೆ ಮುಗಿದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸಿದರು.

ಇಲ್ಲೇ ನಂಜನಗೂಡು ರಸಬಾಳೆ ಇದೆಯಾ ಕೇಳಿ, ಮೈಸೂರು ವೀಳ್ಯದೆಲೆ ಒಂದು ಕಟ್ಟು ಕೊಳ್ಳಿ. ಮೈಸೂರು ಪಾಕ್ ಸಯ್ಯಾಜಿರಾವ್ ರಸ್ತೆಯಲ್ಲಿ ಸಿಗುತ್ತದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರು ಅನ್ನುವುದು ಊರಿನ ಮಾತು.

ಮಧ್ಯಾಹ್ನ ಮಂಡಿ ಮೊಹಲ್ಲಾ

ಬೀಟೆ ಮರದ ಇನ್‌ಲೇ ಕೆಲಸ ಮಾಡುವವರು ಈ ಕಡೆಯ ಗಲ್ಲಿಗಳಲ್ಲಿದ್ದಾರೆ. ಶೋರೂಮಿಗಲ್ಲ, ಕೆಲಸ ನಡೆಯುವ ಜಾಗಕ್ಕೇ ಹೋಗಿ. ಬಾಗಿಲಲ್ಲಿ ನಿಂತು ಕೇಳಿ, ಹೆಚ್ಚಿನವರು ಬೇಡ ಅನ್ನುವುದಿಲ್ಲ. ಬೀಟೆ ಹಲಗೆಯ ಮೇಲೆ ಚಿತ್ರ ಬರೆದು, ಅದರ ಗೆರೆಯಂತೆ ಗುಳಿ ತೋಡುತ್ತಾರೆ. ಬೇರೆ ಬಣ್ಣದ ಮರದ ಚೂರನ್ನು ಸಣ್ಣ ಗರಗಸದಲ್ಲಿ ಕೊಯ್ದು ಆ ಗುಳಿಯಲ್ಲಿ ಕೂರಿಸುತ್ತಾರೆ. ಹಲಸಿನ ಮರ ಹಳದಿ ಕೊಡುತ್ತದೆ. ಬಣ್ಣ ಬಳಿಯುವುದಿಲ್ಲ, ಮರದ್ದೇ ಬಣ್ಣ. ಹಿಂದೆ ಬಿಳಿಗೆ ಆನೆದಂತ ಇತ್ತು. ಅದು ನಿಷೇಧವಾದ ಮೇಲೆ ಪ್ಲಾಸ್ಟಿಕ್ಕೂ ಬಂತು. ಉಗುರಿನಷ್ಟು ಚೂರು ಗುಳಿಯಲ್ಲಿ ಕೂತಾಗ ಬೆರಳಾಡಿಸಿ ನೋಡಿ, ಕೂಡಿಸಿದ ಜಾಗ ಸಿಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಾಳೆ ಬೇಕಾಗುತ್ತದೆ.

ಸಂಜೆ ಹೊತ್ತಿದ್ದರೆ ಹಳೆ ಬೀದಿಗಳಲ್ಲಿ ಯಾವುದಾದರೂ ಗರಡಿಮನೆ ವಿಚಾರಿಸಿ. ಚಪ್ಪಲಿ ಹೊರಗೆ ಬಿಡಿ, ಕೇಳದೆ ಒಳಗೆ ಹೋಗಬೇಡಿ, ಕುಸ್ತಿ ಆಡುವ ಮಟ್ಟಿಯ ಕೆಮ್ಮಣ್ಣಿಗೆ ಕಾಲಿಡಲೇಬೇಡಿ. ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ, ಅಂದರೆ ಮೊನೆಯಿರುವ ಆಯುಧವನ್ನು ಮುಷ್ಟಿಯಲ್ಲಿ ಹಿಡಿದು ಆಡುವ ಕುಸ್ತಿ, ನಡೆಯುತ್ತದೆ. ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು.

ಭಾನುವಾರ ಮಧ್ಯಾಹ್ನ ಅರಮನೆ

ಬೆಳಿಗ್ಗೆ ಜಗನ್ಮೋಹನ ಅರಮನೆ ನೋಡಬಹುದು, ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನದವರು ಬಂದಿದ್ದದ್ದು ಇಲ್ಲಿಗೆ. ಈಗಿನ ದೊಡ್ಡ ಅರಮನೆ ಹೆನ್ರಿ ಇರ್ವಿನ್ ನಕ್ಷೆಯಂತೆ 1912ರಲ್ಲಿ ಮುಗಿಯಿತು.

ಅದಕ್ಕೆ ಊಟ ಮುಗಿಸಿ ಎರಡು ಗಂಟೆಗೆ ಹೋಗಿ. ಬಾಗಿಲು ಹಾಕುವುದು ಐದೂವರೆಗೆ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ, ಬಣ್ಣದ ಗಾಜಿನಲ್ಲಿ ನವಿಲುಗಳಿವೆ. ನೋಡಿ, ಚೆನ್ನಾಗಿವೆ. ಆಮೇಲೆ ಸುತ್ತಲ ಗೋಡೆಗೆ ಬನ್ನಿ. ಹಳೆಯ ದಸರಾ ಮೆರವಣಿಗೆಯ ಚಿತ್ರಗಳಲ್ಲಿ ಆನೆ, ಕುದುರೆ, ರಸ್ತೆ ಬದಿ ನಿಂತ ಜನ ಇದ್ದಾರೆ. ನಿನ್ನೆ ನೀವೇ ನಡೆದ ರಸ್ತೆ ಎಲ್ಲಿದೆ, ಹುಡುಕಿ. ನನಗೆ ಇಲ್ಲಿ ಒಂದು ಗಂಟೆ ಹೋಗುತ್ತದೆ.

ಅಂಬಾವಿಲಾಸ ದರ್ಬಾರ್ ಹಾಲಿನ ಹತ್ತಿರ ಬೀಟೆ ಮರದ ಬಾಗಿಲಿದೆ, ಅದರಲ್ಲಿ ದಂತದ ಇನ್‌ಲೇ. ಜನ ಅದನ್ನು ದಾಟಿ ಬೆಳ್ಳಿ ಬಾಗಿಲಿನ ಕಡೆ ಹೋಗುತ್ತಾರೆ. ನೀವು ನಿಲ್ಲುತ್ತೀರಿ. ಗುಳಿ ಎಲ್ಲಿ, ಚೂರು ಎಲ್ಲಿ ಅಂತ ಕಣ್ಣು ತಾನೇ ಹುಡುಕುತ್ತದೆ. ಮುಟ್ಟಲು ಮಾತ್ರ ಬಿಡುವುದಿಲ್ಲ.

ದಸರಾಕ್ಕೇ ಬರುವುದಾದರೆ

ಜಂಬೂಸವಾರಿ ದಿನದ ನೂಕುನುಗ್ಗಲು ಬೇಡ ಅನ್ನುವವರು ಕೆಲವು ವಾರ ಮುಂಚೆ ಬನ್ನಿ. ಆನೆಗಳು ಆಗಲೇ ಅರಮನೆ ಆವರಣಕ್ಕೆ ಬಂದಿರುತ್ತವೆ. ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಹೊರುವ ಅಭ್ಯಾಸಕ್ಕೆ ಬೆನ್ನಿನ ಮೇಲೆ ಮರಳು ಮೂಟೆ ಹೇರಿ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಟಿಕೆಟ್ಟಿಲ್ಲ, ಪಾಸಿಲ್ಲ. ರಸ್ತೆ ಬದಿ ಕಾಫಿ ಹಿಡಿದು ನಿಂತರೆ ಕೈಗೆಟಕುವಷ್ಟು ದೂರದಲ್ಲಿ ಆನೆ ಹಾದುಹೋಗುತ್ತದೆ.

ಏಳು ಗಂಟೆ

ಮತ್ತೆ ನಮ್ಮ ಭಾನುವಾರದ ಸಂಜೆಗೆ ಬರೋಣ. ಆರೂವರೆಗೇ ಅರಮನೆ ಅಂಗಳದಲ್ಲಿ ಜಾಗ ಹಿಡಿಯಿರಿ. ಸುಮಾರು 97,000 ಬಲ್ಬುಗಳು ಒಂದೇ ಸಲ ಹತ್ತುತ್ತವೆ. ಎಷ್ಟೇ ಸಲ ನೋಡಿದವರೂ ಆ ಕ್ಷಣಕ್ಕೆ “ಹೋ” ಅನ್ನುತ್ತಾರೆ. ಮೊದಲೈದು ನಿಮಿಷ ಫೋನು ಜೇಬಲ್ಲೇ ಇರಲಿ. ಮುಕ್ಕಾಲು ಗಂಟೆ ಉರಿದು ದೀಪ ಆರುತ್ತದೆ. ಜನ ಗೇಟಿನ ಕಡೆ ಸಾಗುತ್ತಾರೆ. ಹೊರಗೆ ಕಾಯುತ್ತಿರುವ ಟಾಂಗಾದವರು ನಿಮ್ಮ ಮುಖ ನೋಡಿಯೇ ರೇಟು ಹೇಳುತ್ತಾರೆ. ಹತ್ತುವ ಮೊದಲೇ ಮಾತಾಡಿಕೊಳ್ಳಿ.