ಹೊರದೇಶದ ಪೈಲಟ್ ಲೈಸೆನ್ಸ್ ಇಟ್ಟುಕೊಂಡು ಅಮೆರಿಕದಲ್ಲಿ ಪುಟ್ಟ ವಿಮಾನ ಹಾರಿಸುವುದು ಹೇಗೆ

ಬೇರೆ ದೇಶದಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಪಡೆದವರು ಅಮೆರಿಕದಲ್ಲಿ ಸೆಸ್ನಾ 172ರಂಥ ವಿಮಾನವನ್ನು ಬಾಡಿಗೆಗೆ ಪಡೆದು ಹಾರಿಸಲು ಮತ್ತೆ ಪರೀಕ್ಷೆ ಬರೆಯಬೇಕಿಲ್ಲ. ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ, 61.75ನೇ ನಿಯಮದಡಿ, ನಿಮ್ಮ ಲೈಸೆನ್ಸನ್ನೇ ಆಧಾರವಾಗಿಟ್ಟುಕೊಂಡು ಒಂದು ಖಾಸಗಿ ಪೈಲಟ್ ಸರ್ಟಿಫಿಕೇಟ್ ಕೊಡುತ್ತದೆ. ಕೆಲಸ ಸುಲಭ, ಆದರೆ ನಿಧಾನ. ಪ್ರವಾಸಕ್ಕೆ ಮೂರು ತಿಂಗಳು ಇರುವಾಗಲೇ ಶುರುಮಾಡಿ.

ಮೊದಲು ಆಗಬೇಕಾದದ್ದು ಲೈಸೆನ್ಸಿನ ದೃಢೀಕರಣ. ನೀವು ವೆರಿಫಿಕೇಷನ್ ಅರ್ಜಿ ಹಾಕಿದ ಮೇಲೆ ಎಫ್‌ಎಎ ನಿಮ್ಮ ದೇಶದ ಪ್ರಾಧಿಕಾರಕ್ಕೆ ಬರೆದು, ಲೈಸೆನ್ಸ್ ಅಸಲಿಯೇ, ಅಮಾನತಿನಲ್ಲಿಲ್ಲವೇ ಎಂದು ಕೇಳುತ್ತದೆ. ತಡವಾಗುವುದು ಇಲ್ಲೇ. ಕೆಲವು ಪ್ರಾಧಿಕಾರಗಳು ಪೈಲಟ್‌ನ ಒಪ್ಪಿಗೆ ಪತ್ರ ಕೈಸೇರುವ ತನಕ ಉತ್ತರವನ್ನೇ ಕೊಡುವುದಿಲ್ಲ. ಅದನ್ನು ಅರ್ಜಿಯ ಜೊತೆಜೊತೆಗೇ ಕಳಿಸಿಬಿಡಿ. ಸರ್ಟಿಫಿಕೇಟನ್ನು ಯಾವ ಊರಿನ ಎಫ್‌ಎಎ ಕಚೇರಿಯಲ್ಲಿ ಪಡೆಯುತ್ತೀರಿ ಎಂಬುದನ್ನೂ ಅರ್ಜಿಯಲ್ಲೇ ಹೇಳಬೇಕು, ಹಾಗಾಗಿ ಹಾರುವ ಜಾಗಕ್ಕೆ ಹತ್ತಿರದ್ದನ್ನೇ ಆರಿಸಿಕೊಳ್ಳಿ. ದೃಢೀಕರಣ ಪತ್ರ 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಅಮೆರಿಕದಲ್ಲಿ ವಿಳಾಸವಿಲ್ಲದವರು 2025ರ ಜನವರಿಯಿಂದ ಅಲ್ಲಿನ ಒಬ್ಬರನ್ನೋ ಸಂಸ್ಥೆಯನ್ನೋ ಪತ್ರ ಸ್ವೀಕರಿಸುವ ಏಜೆಂಟ್ ಆಗಿ ಹೆಸರಿಸುವುದೂ ಕಡ್ಡಾಯ.

ಅಲ್ಲಿಗೆ ಹೋದ ಮೇಲೆ ಪಾಸ್‌ಪೋರ್ಟ್, ಮೂಲ ಲೈಸೆನ್ಸ್, ಚಾಲ್ತಿಯಲ್ಲಿರುವ ಮೆಡಿಕಲ್ ಸರ್ಟಿಫಿಕೇಟ್, ದೃಢೀಕರಣ ಪತ್ರ ಹಿಡಿದು ಖುದ್ದಾಗಿ ಕಚೇರಿಗೆ ಹೋಗಬೇಕು. ಮುಂಗಡ ಅಪಾಯಿಂಟ್‌ಮೆಂಟ್ ಇಲ್ಲದೆ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಲೈಸೆನ್ಸಿನಲ್ಲಿ ಒಂದಕ್ಷರ ಮಾತ್ರ ಇದ್ದರೆ ಆ ಗೊಂದಲವನ್ನು ಊರಿನಲ್ಲೇ ಬಗೆಹರಿಸಿಕೊಂಡು ಹೊರಡಿ. ಇಂಗ್ಲಿಷ್ ಓದಲು, ಬರೆಯಲು, ಮಾತಾಡಲು ಬರುತ್ತದೆಯೇ ಎಂದು ನೋಡಿ, 120 ದಿನಗಳ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಪ್ಲಾಸ್ಟಿಕ್ ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ಇದಕ್ಕೆ ಅವಧಿ ಮುಗಿಯುವುದೆಂಬುದಿಲ್ಲ, ಆದರೆ ಸ್ವಂತ ಕಾಲೂ ಇಲ್ಲ: ಮೂಲ ಲೈಸೆನ್ಸ್ ಜೊತೆಯಲ್ಲಿದ್ದರೆ ಮಾತ್ರ ಇದಕ್ಕೆ ಬೆಲೆ. ನಿಮ್ಮ ದೇಶ ಲೈಸೆನ್ಸ್ ನಂಬರ್ ಬದಲಿಸಿದರೆ ಮತ್ತೆ ಮೊದಲಿನಿಂದ ಅರ್ಜಿ.

ಕಾರ್ಡ್ ಕೈಗೆ ಬಂದ ತಕ್ಷಣ ಕ್ಯಾಪ್ಟನ್ ಆಗುವ ಹಾಗಿಲ್ಲ. ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ ಆಗಬೇಕು: ಕನಿಷ್ಠ 1 ಗಂಟೆ ನೆಲದ ಮೇಲಿನ ಪಾಠ, 1 ಗಂಟೆ ಹಾರಾಟ. ವಿಮಾನ ಬಾಡಿಗೆಗೆ ಕೊಡುವ ಕ್ಲಬ್‌ನ ಚೆಕ್‌ಔಟ್, ಅಂದರೆ ಅವರ ವಿಮಾನವನ್ನು ನೀವು ಹಾರಿಸಬಲ್ಲಿರೇ ಎಂದು ನೋಡುವ ಹಾರಾಟ, ಕೂಡ ಇದೇ ಹೊತ್ತಿನಲ್ಲಿ ಮುಗಿಸಿಕೊಳ್ಳಬಹುದು. ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಬೇಕು. ಸೆಸ್ನಾ 182ರಂತೆ 200 ಹಾರ್ಸ್‌ಪವರ್ ಮೀರಿದ ಎಂಜಿನ್‌ಗೂ ಬಾಲದಡಿ ಚಕ್ರವಿರುವ ಟೇಲ್‌ವೀಲ್ ವಿಮಾನಕ್ಕೂ ಲಾಗ್‌ಬುಕ್‌ನಲ್ಲಿ ಇನ್‌ಸ್ಟ್ರಕ್ಟರ್ ಸಹಿಯ ಬೇರೆಬೇರೆ ಎಂಡಾರ್ಸ್‌ಮೆಂಟ್ ಬೇಕಾಗುತ್ತದೆ. ಕ್ಲಬ್‌ನ ವಿಮೆ ಸಾಮಾನ್ಯವಾಗಿ ವಿಮಾನದ ಮಾಲೀಕನನ್ನು ಕಾಯುತ್ತದೆ, ಬಾಡಿಗೆಗೆ ಪಡೆದವರನ್ನಲ್ಲ; ಬಾಡಿಗೆದಾರರ ವಿಮೆಯನ್ನು ನೀವೇ ಕೊಳ್ಳಿ. ಹೊಸ ಜಾಗದಲ್ಲಿ ಒಂದು ಗಂಟೆಯ ರಿವ್ಯೂ ಸಾಲುವುದು ಅಪರೂಪ. ಎರಡನೇ ಗಂಟೆಗೆ ಕೊಟ್ಟ ದುಡ್ಡು ದಂಡವಲ್ಲ.

ಏಕೆಂದರೆ ಎಡವಟ್ಟಾಗುವುದು ಕಾಗದಪತ್ರಗಳಲ್ಲಿ ಅಲ್ಲ, ಅಳತೆಗಳಲ್ಲಿ. ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಕೊಡುವ ಗಾಳಿಯ ಒತ್ತಡ ಹೆಕ್ಟೊಪ್ಯಾಸ್ಕಲ್‌ನಲ್ಲಿರದೆ ಪಾದರಸದ ಇಂಚುಗಳಲ್ಲಿರುತ್ತದೆ, 1013.25 ಹೆಕ್ಟೊಪ್ಯಾಸ್ಕಲ್ ಎಂದರೆ 29.92 ಇಂಚು. ಒಂದು ಇಂಚು ತಪ್ಪಿಟ್ಟರೆ ಎತ್ತರ ಸುಮಾರು 1,000 ಅಡಿ ತಪ್ಪುತ್ತದೆ. ಗೋಚರತೆ ಹೇಳುವುದು ಸ್ಟ್ಯಾಚ್ಯೂಟ್ ಮೈಲಿಗಳಲ್ಲಿ; 3 ಮೈಲಿ ಎಂದರೆ 4.8 ಕಿಲೋಮೀಟರ್. 1976ಕ್ಕಿಂತ ಹಳೆಯ ಸೆಸ್ನಾಗಳ ವೇಗಮಾಪಕ ಗಂಟೆಗೆ ಇಷ್ಟು ಮೈಲಿ ಎಂದು ತೋರಿಸುತ್ತದೆ. ಮುಳ್ಳು 65ರಲ್ಲಿದೆ, ನಾಟ್‌ಗಳೇ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಇರಬೇಕು ಎಂದು ನಂಬಿ ಇಳಿದರೆ ನಿಮ್ಮ ನಿಜವಾದ ವೇಗ 56 ನಾಟ್ ಅಷ್ಟೇ. ಹತ್ತುವ ಮೊದಲು ಡಯಲ್ ಮೇಲಿನ ಸಣ್ಣ ಅಕ್ಷರ ಓದಿಕೊಳ್ಳಿ.

ಇಂಧನ ಗ್ಯಾಲನ್‌ನಲ್ಲಿ, ತೂಕ ಪೌಂಡ್‌ನಲ್ಲಿ. ಅಮೆರಿಕದ ಒಂದು ಗ್ಯಾಲನ್ ಎಂದರೆ 3.785 ಲೀಟರ್, ಆವ್‌ಗ್ಯಾಸ್ (ಪುಟ್ಟ ವಿಮಾನಗಳ ಪೆಟ್ರೋಲ್) ಗ್ಯಾಲನ್‌ಗೆ 6 ಪೌಂಡ್ ತೂಗುತ್ತದೆ. ಸೆಸ್ನಾ 172ಎಸ್‌ನ ಗರಿಷ್ಠ ಟೇಕಾಫ್ ತೂಕ 2,550 ಪೌಂಡ್. ಖಾಲಿ ತೂಕ 1,690 ಎಂದಿಟ್ಟುಕೊಳ್ಳಿ. ಬಳಸಬಹುದಾದ 53 ಗ್ಯಾಲನ್ ತುಂಬಿದರೆ 318 ಪೌಂಡ್ ಹೋಯಿತು. ಉಳಿದದ್ದು 542 ಪೌಂಡ್, ಅಂದರೆ 246 ಕಿಲೋ. ತಲಾ 80 ಕಿಲೋದ ಮೂವರು ಕೂತರೆ ಬ್ಯಾಗಿಗೂ ಜಾಗವಿಲ್ಲ, ನಾಲ್ಕು ಸೀಟು ಇದೆಯೆಂಬುದು ಬರೀ ಲೆಕ್ಕಕ್ಕೆ. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ಆಕಾಶದಲ್ಲೇ ಇಂಧನ ಬರಿದಾಗಿ ಕೆನಡಾದ ಗಿಮ್ಲಿಯಲ್ಲಿ ಗ್ಲೈಡರ್‌ನಂತೆ ಇಳಿದದ್ದು ಪೌಂಡು-ಕಿಲೋ ಗೊಂದಲದಿಂದಲೇ. ಕಾವಲಿಲ್ಲದ ಪಂಪ್‌ಗಳ ಇನ್ನೊಂದು ಕಿರಿಕಿರಿಯೆಂದರೆ, ಕಾರ್ಡ್ ಹಾಕಿದಾಗ ಐದಂಕಿಯ ಅಮೆರಿಕನ್ ಪಿನ್‌ಕೋಡ್ ಕೇಳಿ ಹೊರದೇಶದ ಕಾರ್ಡನ್ನು ತಿರಸ್ಕರಿಸಬಹುದು. ಸಿಬ್ಬಂದಿ ಇರುವ ಹೊತ್ತಿನಲ್ಲೇ ಇಂಧನದ ನಿಲುಗಡೆ ಇಟ್ಟುಕೊಳ್ಳಿ.

ಪಶ್ಚಿಮದ ಬೆಟ್ಟಗಳ ಕಡೆ ಹೋಗುವವರಿಗೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಬಿಸಿಗೆ ಗಾಳಿ ತೆಳುವಾಗಿ ವಿಮಾನ ಇನ್ನೂ ಎತ್ತರದಲ್ಲಿದ್ದಂತೆ ವರ್ತಿಸುವುದು, ಇನ್ನೂ ದೊಡ್ಡ ತಲೆನೋವು. ಕೊಲರಾಡೊದ ಲೆಡ್‌ವಿಲ್ ವಿಮಾನ ನಿಲ್ದಾಣ 9,934 ಅಡಿ ಎತ್ತರದಲ್ಲಿದೆ. ಅಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಹಿತವಾದ ದಿನವೂ ವಿಮಾನದ ಪಾಲಿಗೆ ಸುಮಾರು 12,900 ಅಡಿ. 172ಎಸ್‌ನ ಸರ್ವಿಸ್ ಸೀಲಿಂಗೇ, ಅಂದರೆ ಅದು ಏರಬಲ್ಲ ಎತ್ತರದ ಮಿತಿಯೇ, 14,000 ಅಡಿ. ಇನ್ನೆಷ್ಟು ಏರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಸಮುದ್ರಮಟ್ಟದಲ್ಲಿ ಕಲಿತವರು ಮಿಕ್ಸ್ಚರ್ (ಗಾಳಿ-ಇಂಧನದ ಮಿಶ್ರಣ) ಪೂರ್ತಿ ರಿಚ್, ಅಂದರೆ ಇಂಧನ ಹೆಚ್ಚಾಗಿ, ಇಟ್ಟೇ ಓಡಿಸುತ್ತಾರೆ. 3,000 ಅಡಿಗಿಂತ ಮೇಲಿನ ರನ್‌ವೇಗಳಲ್ಲಿ ಟೇಕಾಫ್‌ಗೆ ಮುಂಚೆಯೇ ಇಂಧನ ತಗ್ಗಿಸಿ ಲೀನ್ ಮಾಡಿಕೊಳ್ಳದಿದ್ದರೆ ಇರುವ ಶಕ್ತಿಯೂ ಕೈಗೆ ಸಿಗುವುದಿಲ್ಲ. ಬೆಳಗ್ಗೆ ಬೇಗ ಹೊರಟು, ಬಿಸಿಲೇರುವ ಮುನ್ನ ಇಳಿಯಿರಿ.

ದೊಡ್ಡ ನಗರಗಳ ಸುತ್ತಲಿನ ಕ್ಲಾಸ್ ಬಿ ಎಂಬ ನಿಯಂತ್ರಿತ ಆಕಾಶಕ್ಕೆ 'ಕ್ಲಿಯರ್ಡ್ ಇನ್‌ಟು ದಿ ಬ್ರಾವೋ' ಎಂಬ ಮಾತು ಕಿವಿಗೆ ಬೀಳದೆ ಕಾಲಿಡಬೇಡಿ. ಅದಕ್ಕಿಂತ ಕಡಿಮೆ ದಟ್ಟಣೆಯ ಕ್ಲಾಸ್ ಸಿಯಲ್ಲಿ ಕಂಟ್ರೋಲರ್ ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನದ ಹೆಸರು) ಹೇಳಿ ಉತ್ತರಿಸಿದರೆ ಸಾಕು. ಕಾಲ್‌ಸೈನ್ ಇಲ್ಲದ ಬರೀ 'ಸ್ಟ್ಯಾಂಡ್‌ಬೈ' ಒಪ್ಪಿಗೆಯಲ್ಲ. ವಾಷಿಂಗ್ಟನ್ ಡಿಸಿಯ 60 ನಾಟಿಕಲ್ ಮೈಲಿಯೊಳಗೆ ವಿಎಫ್‌ಆರ್, ಅಂದರೆ ಹೊರಗೆ ಕಣ್ಣಿಟ್ಟು ಹಾರುವ ನಿಯಮದಡಿ, ಹಾರಲು ಎಫ್‌ಎಎಯ ಆನ್‌ಲೈನ್ ಪಾಠ ಮುಗಿಸಿರಬೇಕು. ಟವರ್ ಇಲ್ಲದ ನಿಲ್ದಾಣಗಳಲ್ಲಿ ಯಾರೂ ಉತ್ತರಿಸದಿದ್ದರೂ ನಿಮ್ಮ ಸ್ಥಾನವನ್ನು ಹೇಳುತ್ತಲೇ ಇರಿ, ಊರಿನ ಹೆಸರನ್ನು ಮಾತಿನ ಮೊದಲಲ್ಲೂ ಕೊನೆಯಲ್ಲೂ ಸೇರಿಸಿ. ಅಕ್ಕಪಕ್ಕದ ಮೂರು ನಿಲ್ದಾಣಗಳು ಒಂದೇ ಫ್ರೀಕ್ವೆನ್ಸಿಯಲ್ಲಿರುವುದು ಅಲ್ಲಿ ಮಾಮೂಲು.

ವಿಎಫ್‌ಆರ್ ಫ್ಲೈಟ್ ಪ್ಲಾನ್ ಕಡ್ಡಾಯವಲ್ಲ, ಆದರೂ ಹಾಕಿ. ಟೇಕಾಫ್ ಆದ ಮೇಲೆ ಅದನ್ನು ಚಾಲೂ ಮಾಡಿಸುವುದೂ ಇಳಿದ ಮೇಲೆ ಮುಚ್ಚಿಸುವುದೂ ನಿಮ್ಮದೇ ಕೆಲಸ. ಟವರ್ ಇದ್ದ ಮಾತ್ರಕ್ಕೆ ತಾನಾಗಿ ಮುಚ್ಚುವುದಿಲ್ಲ. ತಲುಪುವುದಾಗಿ ಹೇಳಿದ ಸಮಯ ಮೀರಿ 30 ನಿಮಿಷವಾದರೆ ನಿಮ್ಮನ್ನು ಹುಡುಕಲು ಶುರುಮಾಡುತ್ತಾರೆ. ವಿಮಾನವನ್ನು ಹಗ್ಗ ಬಿಗಿದು ಕಟ್ಟುವ ಮೊದಲೇ ಫೋನ್ ತೆಗೆದು ಪ್ಲಾನ್ ಮುಚ್ಚಿಸಿ.