ಹಿಂದೆ ಬಿದ್ದವನ ಕತೆ ಬರೆಯುವುದು ಹೇಗೆ

ನಮ್ಮ ಬೀದಿಯ ಹುಡುಗನೊಬ್ಬ ಕತೆ ಬರೆಯುತ್ತಾನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಹದಿನಾಲ್ಕು ಪುಟ ಹಿಡಿದು ಬಂದ. "ಆಂಟಿ, ಡಾರ್ಕ್ ಸ್ಟೋರಿ. ನೀವು ಕೋರ್ಟಲ್ಲಿ ಇದ್ದವರಲ್ವಾ, ಓದಿ ಹೇಳಿ" ಅಂದ. ಓದಿದೆ. ಒಬ್ಬ ಹುಡುಗ ಬಸ್ಸಿನಲ್ಲಿ ಒಬ್ಬ ಹುಡುಗಿಯನ್ನು ನೋಡುತ್ತಾನೆ. ಹಿಂದೆ ಬೀಳುತ್ತಾನೆ. ರಕ್ತದಲ್ಲಿ ಕಾಗದ ಬರೆಯುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಹದಿಮೂರನೇ ಪುಟದಲ್ಲಿ ಚಾಕು. ಹದಿನಾಲ್ಕರಲ್ಲಿ ಮಳೆ.

"ಆ ಹುಡುಗಿ ಬೆಳಿಗ್ಗೆ ಏನು ತಿಂದು ಬಸ್ ಹತ್ತಿದಳಪ್ಪಾ?" ಅಂತ ಕೇಳಿದೆ.

"ಅದು ಕತೆಗೆ ಬೇಕಾ ಆಂಟಿ?"

ಬೇಕು. ಅದೇ ಮೊದಲು ಬೇಕು. ಅವತ್ತು ಕಾಫಿ ಕುಡಿಯುತ್ತಾ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇಂಥ ಕತೆ ಬರೆಯಲು ಹೊರಟವರು ಅವನೊಬ್ಬನೇ ಅಲ್ಲವಲ್ಲ.

ನಾನು ಶಿವಮೊಗ್ಗದ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಮಾತಿನಲ್ಲಿ ಹೇಳುವುದು, ಜಡ್ಜ್ ಸಾಹೇಬರು ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಹೇಳುವುದು, ನಾನು ಟೈಪ್ ಮಾಡುವುದು. ಎದುರು ವಕೀಲರ ಪಾಟೀಸವಾಲಿಗೆ ಬಂದ ಉತ್ತರದ ಸಾಲುಗಳು ಈಗಲೂ ಬೆರಳಿನಲ್ಲಿವೆ. "ನಾನು ಆರೋಪಿಯನ್ನು ಪ್ರೀತಿಸುತ್ತಿದ್ದೆ ಎಂದರೆ ಸರಿಯಲ್ಲ." "ಆರೋಪಿಯಿಂದ ಹಣ ಪಡೆದಿದ್ದೆ ಎಂದರೆ ಸರಿಯಲ್ಲ." ಒಂದು ಹೆಣ್ಣು ಇಡೀ ಮಧ್ಯಾಹ್ನ ನಿಂತು ಸರಿಯಲ್ಲ, ಸರಿಯಲ್ಲ ಅಂತ ಹೇಳಿದ್ದನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ.

ಇಷ್ಟು ಕೇಳಿಯೂ ನಾನೇ ಬರೆದ ಮೊದಲ ಕತೆ ಕೆಟ್ಟದ್ದು. ಒಂದು ವಾರಪತ್ರಿಕೆಯಲ್ಲಿ ಬಂತು. ನನ್ನ ನಾಯಕ ಎರಡು ವರ್ಷ ಒಂದೇ ಹುಡುಗಿಯ ಕಾಲೇಜಿನ ಗೇಟಿನ ಎದುರು ನಿಲ್ಲುತ್ತಾನೆ, ಕೊನೆಗೆ ವಿಷ ಕುಡಿಯುತ್ತಾನೆ. ಬಂದ ಪತ್ರಗಳಲ್ಲಿ ಒಂದು ಇನ್ನೂ ನೆನಪಿದೆ: "ಇಂಥ ಪ್ರೇಮಿಯನ್ನು ಒಲ್ಲೆ ಎಂದ ಅವಳದ್ದು ಕಲ್ಲು ಹೃದಯ." ನಾನು ಬರೆಯಲು ಹೊರಟಿದ್ದೇ ಬೇರೆ, ಓದುಗರಿಗೆ ಸಿಕ್ಕಿದ್ದೇ ಬೇರೆ. ಕತೆ ತೆಗೆದು ನೋಡಿದೆ. ಗೇಟಿನ ಎದುರಿನ ಬಿಸಿಲು, ಅವನ ಚಪ್ಪಲಿ, ಅವನ ಬೆವರು, ಎಲ್ಲ ಇತ್ತು. ಅವಳಿಗೆ ಒಂದು ಜಡೆ ಬಿಟ್ಟು ಏನೂ ಇರಲಿಲ್ಲ. ಅವನಿಗೆ ಅವಳ ಬಗ್ಗೆ ಎಷ್ಟು ಗೊತ್ತಿತ್ತೋ ಬರೆದವಳಿಗೂ ಅಷ್ಟೇ ಗೊತ್ತಿತ್ತು. ಅಂದಮೇಲೆ ನಾನೂ ಗೇಟಿನ ಎದುರು ಅವನ ಪಕ್ಕದಲ್ಲೇ ನಿಂತಿದ್ದೆ ಅಂತ ಅರ್ಥ ಅಲ್ವಾ?

ಅದಕ್ಕೇ ಮೊದಲ ಕೆಲಸ, ಅವಳ ಒಂದು ದಿನ ಬರೆಯಿರಿ. ಕತೆಯ ಒಳಗಲ್ಲ, ಬೇರೆ ಹಾಳೆಯಲ್ಲಿ. ಎಷ್ಟು ಗಂಟೆಗೆ ಏಳುತ್ತಾಳೆ, ನೀರು ಯಾರು ಹಿಡಿಯುತ್ತಾರೆ, ತಿಂಗಳಿಗೆ ಬಸ್ ಪಾಸಿಗೆ ಎಷ್ಟು ಹೋಗುತ್ತೆ, ಯಾರ ಮೇಲೆ ಸಿಟ್ಟು, ಯಾವ ಸಾಲ, ಯಾವ ಹಲ್ಲು ನೋವು. ಇದರಲ್ಲಿ ಮುಕ್ಕಾಲು ಪಾಲು ಕತೆಗೆ ಬರುವುದೇ ಇಲ್ಲ. ಬರದಿದ್ದರೂ ಇರಬೇಕು. ಅವನು ಕಲ್ಪಿಸಿಕೊಳ್ಳುವ ಹುಡುಗಿಗೂ ನಿಮ್ಮ ಹಾಳೆಯಲ್ಲಿರುವ ಹುಡುಗಿಗೂ ಎಷ್ಟು ದೂರವೋ ಕತೆಯ ಭಯ ಅಷ್ಟು.

ಅವನ ವಿಷಯಕ್ಕೆ ಬನ್ನಿ. ಹೊಸಬರು ಅವನನ್ನು ಮೊದಲ ಸಾಲಿನಲ್ಲೇ ಹುಚ್ಚ ಮಾಡಿಬಿಡುತ್ತಾರೆ. ಕೆಂಗಣ್ಣು, ಗಡ್ಡ, ಕತ್ತಲ ಕೋಣೆಯ ಗೋಡೆ ತುಂಬಾ ಅವಳ ಫೋಟೋ. ಸುಮ್ನೆ ಬಿಡಿ. ನಾನು ಕಂಡ ಆರೋಪಿಗಳಲ್ಲಿ ಹೆಚ್ಚಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಒಬ್ಬ ನನಗೆ ದಿನಾ ನಮಸ್ಕಾರ ಮಾಡುತ್ತಿದ್ದ. ಮೊದಲ ಎರಡು ಪುಟ ಓದುಗರಿಗೆ ಅವನು ಇಷ್ಟವಾಗಬೇಕು. ಆಮೇಲೆ ಎಲ್ಲೋ ಒಂದು ಕಡೆ, ಅಯ್ಯೋ ಇಷ್ಟು ಹೊತ್ತು ಇವನ ಜೊತೆ ನಡೆದುಕೊಂಡು ಬಂದೆನಲ್ಲ ಅನ್ನಿಸಬೇಕು.

ಉದಾಹರಣೆಗೆ ಒಂದು ಕತೆ ಕಟ್ಟೋಣ. ವರ್ಷ 2010. ಮಂಜು ಅಂತ ಇಟ್ಟುಕೊಳ್ಳಿ, ದುರ್ಗಿಗುಡಿಯಲ್ಲಿ ಸಣ್ಣ ಮೊಬೈಲ್ ಅಂಗಡಿ. ಆಗ ಮೊಬೈಲಿಗೆ ಕರೆನ್ಸಿ ಹಾಕಿಸಲು ಹೆಚ್ಚಿನವರು ಅಂಗಡಿಗೇ ಹೋಗುತ್ತಿದ್ದರು. ನಂಬರ್ ಹೇಳಬೇಕು, ಅವನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಊರಿನ ಅರ್ಧ ಹೆಣ್ಣುಮಕ್ಕಳ ನಂಬರ್ ಆ ನೋಟ್‌ಬುಕ್ಕಿನಲ್ಲಿ. ನಮ್ಮ ಹುಡುಗನಾದರೆ ಹೀಗೆ ಬರೆಯುತ್ತಿದ್ದ: "ಅವಳ ಕಣ್ಣುಗಳು ಕಡಲಿನಂತಿದ್ದವು. ಆ ಕ್ಷಣದಿಂದ ಅವಳಿಲ್ಲದೆ ಅವನಿಗೆ ಉಸಿರೇ ಇರಲಿಲ್ಲ." ನಾನಾದರೆ ಹೀಗೆ:

"ಸವಿತಾ ನಂಬರ್ ಹೇಳಿದಳು. ಮಂಜು ಬರೆದುಕೊಂಡ. ಮೇಲಿನ ಸಾಲಿಗಿಂತ ಅಂಕಿಗಳು ದುಂಡಗೆ ಬಂದವು. ಅವಳ ಹತ್ತಿರ ಮೂರು ರೂಪಾಯಿ ಚಿಲ್ಲರೆ ಕಡಿಮೆ ಇತ್ತು. 'ಇರಲಿ ಬಿಡಿ ಮೇಡಂ' ಅಂದ. 'ನಾಳೆ ಕೊಡ್ತೀನಿ' ಅಂದು ಹೋದಳು. ನಾಳೆ ಅಂದಳಲ್ಲ, ನಾಳೆ ಅಂದಳಲ್ಲ ಅಂತ ಬಾಗಿಲು ಎಳೆಯುವವರೆಗೂ ಅವನಿಗೆ ಅದೇ."

ಕಡಲು ಇಲ್ಲ, ಉಸಿರು ಇಲ್ಲ. ಮೂರು ರೂಪಾಯಿ ಇದೆ. ಇಂಥವನ ಪ್ರೀತಿ ಅಂದರೆ ಒಂದು ಲೆಕ್ಕದ ಪುಸ್ತಕ. ಅವನು ಕೊಟ್ಟಿದ್ದೆಲ್ಲ ಸಾಲ. ಕೇಳದೆ ಕೊಟ್ಟ ಸಾಲ, ಬಡ್ಡಿ ಬೆಳೆಯುತ್ತಲೇ ಇರುತ್ತೆ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಸಾಹೇಬರು ಆರೋಪಿಯನ್ನೇ ಕೇಳುವ ಒಂದು ಹಂತ ಇದೆ. ಕಲಮಿನ ಸಂಖ್ಯೆ ಹಿಡಿದು 313ರ ಹೇಳಿಕೆ ಅನ್ನುತ್ತಿದ್ದೆವು, ಈಗಿನ ಹೊಸ ಕಾನೂನಿನಲ್ಲಿ ಅದು 351ನೇ ಕಲಮು. ಸಾಮಾನ್ಯವಾಗಿ "ಸುಳ್ಳು", "ಗೊತ್ತಿಲ್ಲ", ಎರಡೇ ಉತ್ತರ. ಒಬ್ಬ ಮಾತ್ರ ಎಲ್ಲದಕ್ಕೂ ಸುಳ್ಳು ಅಂದು, ಕೊನೆಗೆ ಇನ್ನೇನಾದರೂ ಹೇಳುವುದಿದೆಯಾ ಅಂದಾಗ, "ನಾನು ಅವಳಿಗೆ ಎಷ್ಟು ಖರ್ಚು ಮಾಡಿದೀನಿ ಅಂತ ಯಾರೂ ಕೇಳಲಿಲ್ಲ ಸ್ವಾಮಿ" ಅಂದ. ನನ್ನ ಕೈ ಕೀಲಿಗಳ ಮೇಲೆ ಒಂದು ಗಳಿಗೆ ನಿಂತುಹೋಯಿತು. ನಿಮ್ಮ ಪಾತ್ರಕ್ಕೆ ಆ ವಾಕ್ಯ ಬರುವವರೆಗೆ ಚಾಕು ಮುಟ್ಟಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕನ್ನಡದಲ್ಲಿ ಈ ಕತೆ ಬರೆಯುವವರಿಗೆ ಒಂದು ಅನುಕೂಲ ಇದೆ. ನಮಗೆ "ನೀವು" ಇದೆ, "ನೀನು" ಇದೆ, ಅದರ ಕೆಳಗೆ "ಏನೇ" ಇದೆ. ಹೊಡೆತ ಬೀಳುವುದಕ್ಕೆ ಎಷ್ಟೋ ಮೊದಲು ಬಹುವಚನ ಬಿದ್ದುಹೋಗುತ್ತೆ. ಮಂಜುವಿನ ಮಾತು ಸಾಲಾಗಿ ಇಟ್ಟು ನೋಡಿ. "ಮೇಡಂ, ನಿಮ್ಮ ಕರೆನ್ಸಿ ಖಾಲಿ ಆಗಿರಬೇಕಲ್ವಾ?" ಹತ್ತು ದಿನ ಆದ ಮೇಲೆ, "ಊಟ ಆಯ್ತಾ ಸವಿತಾ ಅವರೇ?" ಆಮೇಲೆ "ಅವರೇ" ಹೋಯಿತು. ಆಮೇಲೆ "ಯಾಕೆ ಫೋನ್ ಎತ್ತಲ್ಲ ನೀನು?" ಕೊನೆಗೆ "ಎಲ್ಲಿದ್ದೀಯೇ?" ಇದರ ಮಧ್ಯೆ ನೀವು ಒಂದೇ ಒಂದು ವಿವರಣೆ ಹಾಕಬೇಡಿ. "ಅವನ ದನಿ ಬದಲಾಯಿತು" ಅಂತ ಬರೆದರೆ ಕೆಟ್ಟಿತು. ವಿಭಕ್ತಿ ಪ್ರತ್ಯಯ ಮರೆತವರೂ ಆ ಕೊನೆಯ "ಏ" ಕೇಳಿದರೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಅವಳು ಮಾತ್ರ ಕೊನೆಯವರೆಗೂ "ನೀವು" ಬಿಡಬಾರದು. "ದಯವಿಟ್ಟು ಫೋನ್ ಮಾಡಬೇಡಿ." ಅದು ಗೌರವದ ಬಹುವಚನ ಅಲ್ಲ, ಹೆದರಿಕೆಯದ್ದು, ದೂರ ಇಡುವುದಕ್ಕೆ ಹಿಡಿದ ಕೋಲು. ಅವನಿಗೆ ಅದು ಮರ್ಯಾದೆಯಾಗಿ ಕೇಳಿಸುತ್ತೆ. ಗೆಳೆಯರ ಹತ್ತಿರ ಹೇಳುತ್ತಾನೆ, "ಇಷ್ಟಾದರೂ ನೀವು ಅಂತಾಳೆ ಕಣೋ." ಆ ಒಂದು ಸಾಲು ಹತ್ತು ಪುಟದ ಮನಶ್ಶಾಸ್ತ್ರಕ್ಕೆ ಸಮ.

ಗೆಳೆಯರು ಅಂದೆ. ಅವರನ್ನು ಮರೆಯಬೇಡಿ. ವಿರಾಟಪರ್ವದ ಕೀಚಕನನ್ನು ನೆನಪು ಮಾಡಿಕೊಳ್ಳಿ. ನಾವೆಲ್ಲ ಬಯಲಾಟದಲ್ಲಿ ಭೀಮ ಸೀರೆ ಉಟ್ಟು ಬರುವುದಕ್ಕೆ ಕಾಯುತ್ತೇವೆ. ಕತೆ ಕಲಿಯುವವರು ಅದಕ್ಕಿಂತ ಹಿಂದೆ ನೋಡಬೇಕು. ಸೈರಂಧ್ರಿಯ ವೇಷದಲ್ಲಿದ್ದ ದ್ರೌಪದಿಯನ್ನು ಕೀಚಕನ ಮನೆಗೆ ಮದ್ಯ ತರಲು ಕಳಿಸಿದವಳು ಯಾರು? ಅವನ ಅಕ್ಕ, ರಾಣಿ ಸುದೇಷ್ಣೆ. ಅವಳಿಗೆ ತಮ್ಮನ ಮನಸ್ಸು ಗೊತ್ತಿತ್ತು. ಸೈರಂಧ್ರಿ ಓಡಿ ಬಂದು ಸಭೆಯಲ್ಲಿ ಬಿದ್ದಾಗ, ಅವನು ಎಲ್ಲರೆದುರು ಒದ್ದಾಗ, ವಿರಾಟ ಏನು ಮಾಡಿದ? ಏನೂ ಇಲ್ಲ. ಅವನು ಸತ್ತ ಮೇಲೆ ಅವನ ಕಡೆಯವರು ಅವಳನ್ನೂ ಚಿತೆಗೆ ಹಾಕಲು ಎಳೆದುಕೊಂಡು ಹೋದರು, ಇವಳಿಂದಲೇ ಅವನು ಸತ್ತ ಅಂತ. ಇವತ್ತಿನ ಯಾವ ಕೇಸಿನ ಕಡತ ತೆಗೆದರೂ ಈ ಮೂವರು ಇದ್ದೇ ಇರುತ್ತಾರೆ. ಗೊತ್ತಿದ್ದೂ ಕಳಿಸುವವರು, ನೋಡಿಯೂ ಸುಮ್ಮನಿರುವವರು, ಕೊನೆಗೆ ಅವಳ ಮೇಲೇ ಹಾಕುವವರು.

ಮಂಜುವಿನ ಕತೆಯಲ್ಲಿ ಸುದೇಷ್ಣೆ ಯಾರು? ಸವಿತಾಳ ಸೋದರತ್ತೆ ಇರಬಹುದು. "ಹುಡುಗ ಒಳ್ಳೆಯವನು ಕಣೇ, ಅಂಗಡಿ ಇದೆ. ನಿನ್ನ ಹೊಸ ನಂಬರ್ ಕೇಳಿದ, ಕೊಟ್ಟೆ." ಅತ್ತೆಯನ್ನು ಕೆಟ್ಟವಳು ಮಾಡಬೇಡಿ. ಸಜ್ಜಿಗೆ ಮಾಡಿಕೊಡುವ ಅತ್ತೆಯಾಗಿಯೇ ಇರಲಿ. ಆ ನಂಬರ್ ಕೊಟ್ಟ ಗಳಿಗೆ ಚಾಕುವಿನ ಗಳಿಗೆಗಿಂತ ಭಯ ಹುಟ್ಟಿಸಬೇಕು.

ಕಾನೂನು ಸ್ವಲ್ಪ ತಿಳಿದುಕೊಳ್ಳಿ, ಜಾಸ್ತಿ ಬೇಡ. ಕತೆ ಯಾವ ವರ್ಷದ್ದು ಅನ್ನುವುದು ಠಾಣೆಯ ದೃಶ್ಯವನ್ನೇ ಬದಲಾಯಿಸುತ್ತೆ. ಹಿಂದೆ ಬೀಳುವುದೇ ಒಂದು ಅಪರಾಧ ಅಂತ ದಂಡ ಸಂಹಿತೆಗೆ ಸೇರಿದ್ದು 2013ರಲ್ಲಿ, 354ಡಿ ಕಲಮು. ಹಾಗಾಗಿ 2010ರ ಸವಿತಾ ಠಾಣೆಗೆ ಹೋದರೆ, ಬರೀ ಫೋನು, ಬರೀ ಬಸ್‌ಸ್ಟಾಪು ಅಂದರೆ ದೂರು ಬರೆದುಕೊಳ್ಳುವ ಠಾಣೆಯ ರೈಟರ್ ಪೆನ್ನು ಕೆಳಗಿಡುತ್ತಾನೆ. "ಕೈ ಮುಟ್ಟಿದ್ನೇನಮ್ಮಾ?" ಅಂತ ಕೇಳುತ್ತಾನೆ. 2024ರ ಜುಲೈ 1ರ ನಂತರದ ಕತೆಯಾದರೆ ಅದು ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಎರಡರಲ್ಲೂ ಕತೆಗಾರರಿಗೆ ಉಪಯೋಗಕ್ಕೆ ಬರುವ ಎರಡು ವಿಷಯ ಇವೆ. ಒಂದು, ಅವಳು ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಅವನು ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸಿರಬೇಕು. ಅಂದರೆ ಅವಳ "ಬೇಡ" ಎಲ್ಲಿ, ಯಾರೆದುರು, ಹೇಗೆ ಬಂತು ಅನ್ನುವ ದೃಶ್ಯ ನಿಮ್ಮ ಕತೆಯಲ್ಲಿ ಇರಲೇಬೇಕು. ಎರಡು, ಮೊದಲ ಸಲದ ಅಪರಾಧಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇದ್ದರೂ ಅದು ಜಾಮೀನು ಸಿಗುವಂಥದ್ದು. ದೂರು ಕೊಟ್ಟ ದಿನವೇ ಸಂಜೆ ಅವನು ಅದೇ ಬೀದಿಯಲ್ಲಿ ಟೀ ಕುಡಿಯುತ್ತಾ ನಿಂತಿರಬಹುದು. ಆ ಸಂಜೆಯಿಂದ ಕತೆ ಶುರು ಮಾಡಿ ನೋಡಿ.

ಹಿಂಸೆ ಬರೆಯುವಾಗ ಎಲ್ಲರಿಗೂ ಕೈ ಬಿಗಿಯಾಗುತ್ತೆ, ಇಲ್ಲವೇ ರಕ್ತ ಬಕೆಟ್ಟಿನಲ್ಲಿ ಸುರಿಯುತ್ತಾರೆ. ನನ್ನ ದಾರಿ ಮಹಜರು. ಪಂಚರ ಸಮಕ್ಷಮ ಸ್ಥಳದಲ್ಲಿ ಏನೇನು ಸಿಕ್ಕಿತು ಅಂತ ಪೊಲೀಸರು ಬರೆಯುವ ಕಾಗದ. ಅದರಲ್ಲಿ ಉಪಮೆ ಇಲ್ಲ, ಅಳು ಇಲ್ಲ. ಒಂದು ಸಾಲು ಅದೇ ಧಾಟಿಯಲ್ಲಿ ಬರೆದು ತೋರಿಸುತ್ತೇನೆ:

"ಸ್ಥಳದಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ ಇದ್ದು, ಎಡಗಾಲಿನದರ ಬಾರು ಕಿತ್ತಿರುತ್ತದೆ. ಒಂದು ಸ್ಟೀಲಿನ ಊಟದ ಡಬ್ಬಿ ಇದ್ದು, ಮುಚ್ಚಳ ತೆಗೆದಿರುವುದಿಲ್ಲ."

ಹೊಡೆತ ಎಲ್ಲಿ ಬಿತ್ತು, ಎಷ್ಟು ಆಳ, ಇದು ಯಾವುದೂ ಇಲ್ಲ. ಡಬ್ಬಿ ಇದೆ. ಬೆಳಿಗ್ಗೆ ಅದನ್ನು ತುಂಬಿದ ಕೈ ಯಾರದ್ದು ಅಂತ ಓದುಗರಿಗೆ ಮೂರನೇ ಪುಟದಲ್ಲೇ ಗೊತ್ತಿರಬೇಕು, ಅಷ್ಟೇ. ಅದಕ್ಕೇ ಏನು ತಿಂದಳು ಅಂತ ನಾನು ಕೇಳುವುದು. ಇನ್ನೊಂದು ಮಾತು, ಪೇಪರಿನಲ್ಲಿ ಬಂದ ನಿಜದ ಪ್ರಕರಣ ಎತ್ತಿಕೊಳ್ಳಬೇಡಿ. ಹೆಸರು, ಊರು ಬದಲಾಯಿಸಿದರೆ ಸಾಲದು. ಅವಳ ತಂಗಿ ಆ ಕತೆ ಓದಿದರೆ ಅಂತ ಒಮ್ಮೆ ಯೋಚಿಸಿ.

ಅವನ ಕೊನೆ ಹೇಗಿರಬೇಕು ಅನ್ನುವುದು ಕಷ್ಟದ ಪ್ರಶ್ನೆ. ಇದು ಹೊಸದೂ ಅಲ್ಲ. ಹಳಗನ್ನಡದ ಕವಿ ಜನ್ನ 1230ರಲ್ಲಿ ಮುಗಿಸಿದ ಅನಂತನಾಥ ಪುರಾಣದಲ್ಲಿ ಚಂಡಶಾಸನನ ಕತೆ ಬರುತ್ತೆ. ಗೆಳೆಯ ವಸುಷೇಣನ ಹೆಂಡತಿ ಸುನಂದೆಯ ಮೇಲೆ ಮನಸ್ಸಿಟ್ಟು ಹೊತ್ತುಕೊಂಡು ಹೋಗುತ್ತಾನೆ. ಅವಳು ಒಪ್ಪುವುದಿಲ್ಲ. ಗಂಡನದ್ದೆಂದು ಸುಳ್ಳು ತಲೆ ತೋರಿಸುತ್ತಾನೆ, ಅವಳ ಪ್ರಾಣವೇ ಹೋಗುತ್ತೆ. ಅವನು ಅವಳ ಜೊತೆಗೇ ಚಿತೆಯೇರುತ್ತಾನೆ. ಎಂಥ ಕತೆ! ಆದರೆ ಆ ಚಿತೆಯ ಹತ್ತಿರ ಬಂದಾಗ ನನಗೆ ಪ್ರತಿ ಸಲ ಅವನ ಮೇಲೆ ಕರುಣೆ ಬಂದುಬಿಡುತ್ತೆ, ಸತ್ತ ಮೇಲೂ ಸುನಂದೆಗೆ ಅವನಿಂದ ಬಿಡುಗಡೆ ಸಿಗಲಿಲ್ಲವಲ್ಲ ಅನ್ನುವುದು ಆಮೇಲೆ ಹೊಳೆಯುತ್ತೆ. ಜನ್ನನಷ್ಟು ಶಕ್ತಿ ಇದ್ದವರು ಚಿತೆ ಬರೆಯಲಿ. ನಮ್ಮ ನಿಮ್ಮಂಥವರು ಅವನಿಗೆ ದೊಡ್ಡ ಸಾವು ಕೊಡಬಾರದು. ಕಟಕಟೆಯಲ್ಲಿ ನಿಲ್ಲಿಸಿ. ವಾಯಿದೆ ಮೇಲೆ ವಾಯಿದೆ ಬೀಳಲಿ. ಅವನ ಅಂಗಿಯ ಇಸ್ತ್ರಿ ಕೆಡಲಿ.

ನಮ್ಮ ಹುಡುಗ ಮೂರನೇ ಸಲ ಬಂದಾಗ ಹದಿನಾಲ್ಕು ಪುಟ ಒಂಬತ್ತಾಗಿತ್ತು. ರಕ್ತದ ಕಾಗದ ಇರಲಿಲ್ಲ. ಮಳೆ ಇತ್ತು. ಇರಲಿ ಬಿಡಿ, ಶಿವಮೊಗ್ಗ ಅಲ್ವಾ.

"ಏನು ತಿಂದಳಪ್ಪಾ?" ಅಂದೆ.

"ಅಕ್ಕಿರೊಟ್ಟಿ ಆಂಟಿ. ಬಸ್ ತಪ್ಪುತ್ತೆ ಅಂತ ಚಟ್ನಿ ಸವರಿ ಸುತ್ತಿಕೊಂಡು ಓಡಿದಳು. ಕಿಟಕಿ ಸೀಟು ಸಿಕ್ಕಿದ ಮೇಲೆ ತಿಂದಳು. ಕೆಂಪು ಚಟ್ನಿ, ಸಿಕ್ಕಾಪಟ್ಟೆ ಖಾರ. ಮೂಗು, ಕಣ್ಣು ಒರೆಸಿಕೊಂಡಳು. ಅವನು ಹಿಂದಿನ ಸೀಟಲ್ಲಿದ್ದ."

"ಹ್ಞೂಂ?"

"ತನಗೋಸ್ಕರ ಅಳ್ತಿದಾಳೆ ಅಂದ್ಕೊಂಡ."