ಪ್ಯಾಡಲ್ ಲೀಶ್: ಕಟ್ಟುವುದು ಸುಲಭ, ಬಿಡಿಸಿಕೊಳ್ಳುವುದೇ ಕಷ್ಟ

ಅಲೆಯಲ್ಲಿ ಕಯಾಕ್ (ಒಳಗೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ಮಗುಚಿದಾಗ ಪ್ಯಾಡಲ್, ಅಂದರೆ ಹುಟ್ಟು, ಕೈತಪ್ಪಿ ಹೋಗದಿರಲಿ ಎಂದು ಅದನ್ನು ದೋಣಿಗೆ ಕಟ್ಟುವ ಹಗ್ಗವೇ ಲೀಶ್. ಜನ ಮನೆಯಲ್ಲಿ ಮಾಡಿಕೊಂಡು ಬಂದ ಲೀಶ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಒಂದೊಂದು ಎಷ್ಟು ಗಟ್ಟಿ ಎಂದರೆ ಅದರಲ್ಲಿ ಇನ್ನೊಂದು ದೋಣಿಯನ್ನೇ ಎಳೆದುಕೊಂಡು ಹೋಗಬಹುದು. ತೊಂದರೆ ಇರುವುದೇ ಅಲ್ಲಿ. ಉರುಳುವಾಗ ಹಗ್ಗ ಕಾಲಿಗೋ ಕುತ್ತಿಗೆಗೋ ಸುತ್ತಿಕೊಂಡರೆ, ಅದು ಬಿಟ್ಟುಕೊಡಬೇಕು. ಬಿಡದಿದ್ದರೆ ನೀವು ನೀರಿನಡಿಯಲ್ಲೇ ಸಿಕ್ಕಿಕೊಳ್ಳುತ್ತೀರಿ.

ಬೇಕಾಗುವ ಸಾಮಾನು ಕಡಿಮೆ. 25 ಮಿ.ಮೀ. ಅಗಲದ, ಒಳಗೆ ಟೊಳ್ಳಿರುವ ನೈಲಾನ್ ಪಟ್ಟಿ 170 ಸೆಂ.ಮೀ. 5 ಮಿ.ಮೀ. ದಪ್ಪದ ಎಲಾಸ್ಟಿಕ್ ಹಗ್ಗ ಒಂದು ಮೀಟರ್. ಪಟ್ಟಿಯಷ್ಟೇ ಅಗಲದ ವೆಲ್ಕ್ರೋ. ಪಾಲಿಯೆಸ್ಟರ್ ದಾರ. ಹತ್ತಿ ದಾರ ಬೇಡ, ಉಪ್ಪುನೀರಲ್ಲಿ ಕೊಳೆಯುತ್ತದೆ. ಟೆಲಿಫೋನ್ ವೈರಿನ ಹಾಗೆ ಸುರುಳಿ ಸುತ್ತಿದ ರೆಡಿಮೇಡ್ ಲೀಶ್ ಅಂತೂ ಬೇಡವೇ ಬೇಡ, ಆ ಸುರುಳಿಯೊಳಗೆ ಬೆರಳು ಸಿಕ್ಕಿಕೊಳ್ಳುತ್ತದೆ. ಲೋಹದ ಕೊಕ್ಕೆಯೂ ನನಗೆ ಇಷ್ಟವಿಲ್ಲ. ಅದು ಬಂದು ಬಡಿಯುವುದು ಹಲ್ಲಿಗೇ.

ಪಟ್ಟಿಯ ಎರಡೂ ತುದಿಗಳನ್ನು ಮೇಣದಬತ್ತಿಯಲ್ಲಿ ಸ್ವಲ್ಪ ಸುಟ್ಟು, ಎಳೆ ಬಿಚ್ಚದ ಹಾಗೆ ಮಾಡಿ. ಒಂದು ತುದಿಯಿಂದ 30 ಸೆಂ.ಮೀ., ಇನ್ನೊಂದರಿಂದ 20 ಸೆಂ.ಮೀ. ಬಿಟ್ಟು ಗುರುತು ಹಾಕಿ. ಎಲಾಸ್ಟಿಕ್ ಇರಬೇಕಾದದ್ದು ನಡುವಿನ 120 ಸೆಂ.ಮೀ. ಒಳಗೆ ಮಾತ್ರ. ಗುರುತಿನ ಹತ್ತಿರ ಪಟ್ಟಿಯ ಒಂದು ಪದರದಲ್ಲಿ ಸಣ್ಣ ತೂತು ಮಾಡಿ, ತಂತಿಗೆ ಎಲಾಸ್ಟಿಕ್ಕನ್ನು ಟೇಪಿನಿಂದ ಸುತ್ತಿ ಒಳಗೆ ತೂರಿಸಿ. ನಡುವೆ ಸುಮಾರು 70 ಸೆಂ.ಮೀ. ಉಳಿಯುವಂತೆ ಎರಡೂ ಕಡೆ ಗಂಟು ಹಾಕಿ, ಗಂಟು ಒಳಕ್ಕೆ ಜಾರದ ಹಾಗೆ ಅದರ ಮುಂದೆ ಹಗ್ಗದ ಎರಡೂ ಪಕ್ಕ ಹೊಲಿಗೆ ಹಾಕಿ. ಸೂಜಿಯನ್ನು ರಬ್ಬರಿಗೆ ಚುಚ್ಚಬೇಡಿ. ಪಟ್ಟಿ ನೆರಿಗೆಯಾಗಿ ನಿಲ್ಲುತ್ತದೆ, ನಿಲ್ಲಲಿ. ಬರೀ ಎಲಾಸ್ಟಿಕ್ ಸಾಲದಾ ಎಂದು ಕೇಳುವವರಿದ್ದಾರೆ. ಅದು ಎಳೆದಷ್ಟೂ ಎಳೆದು, ಪ್ಯಾಡಲನ್ನು ಕವಣೆ ಕಲ್ಲಿನ ಹಾಗೆ ವಾಪಸ್ ಮುಖಕ್ಕೇ ಬೀಸುತ್ತದೆ. ಪಟ್ಟಿ ಇದ್ದರೆ ಒಂದು ಹಂತದಲ್ಲಿ ತಡೆಯುತ್ತದೆ.

30 ಸೆಂ.ಮೀ. ತುದಿಯನ್ನು ಮಡಚಿ ಹೊಲಿದು ಕುಣಿಕೆ ಮಾಡಿ. ಪ್ಯಾಡಲ್ ಕೋಲಿನ ನಡುಭಾಗಕ್ಕೆ ಕುಣಿಕೆ ಸುತ್ತಿ, ಇನ್ನೊಂದು ತುದಿಯನ್ನು ಅದರೊಳಗಿಂದ ಎಳೆದರೆ ಮುಗಿಯಿತು.

ಈಗ ಎಲ್ಲರೂ ಎಡವುವ ಜಾಗ. ದೋಣಿಯ ಕಡೆಯ ಆ 20 ಸೆಂ.ಮೀ. ತುದಿ, ಡೆಕ್ (ದೋಣಿಯ ಮೇಲ್ಮೈ) ಮೇಲಿನ ಹಗ್ಗದಡಿ ನುಗ್ಗಿ, ಹಿಂದಕ್ಕೆ ಮಡಚಿ ತನ್ನ ಮೇಲೆಯೇ ಅಂಟಿಕೊಳ್ಳಬೇಕು. ಆದ್ದರಿಂದ ವೆಲ್ಕ್ರೋದ ಎರಡೂ ತುಂಡುಗಳು ಪಟ್ಟಿಯ ಒಂದೇ ಮುಖದಲ್ಲಿರಬೇಕು. ಒಂದನ್ನು ಆಚೆ, ಇನ್ನೊಂದನ್ನು ಈಚೆ ಹೊಲಿದು ಆಮೇಲೆ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಒಂದೊಂದು ತುಂಡು 5 ಸೆಂ.ಮೀ. ಸಾಕು. ತೀರಾ ತುದಿಯ 3 ಸೆಂ.ಮೀ. ಖಾಲಿ ಬಿಡಿ, ಕೈಗೆ ಸಿಗುವ ಹಿಡಿ ಅದು.

ವೆಲ್ಕ್ರೋ ಸ್ವಭಾವ ನಿಮಗೆ ಗೊತ್ತೇ ಇದೆ. ತುದಿ ಹಿಡಿದು ಸುಲಿದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬರುತ್ತದೆ. ಎರಡು ಪದರ ಒಂದರ ಮೇಲೊಂದು ಜಾರುವ ಹಾಗೆ ಎಳೆದರೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ನಮಗೆ ಎರಡೂ ಬೇಕು. ಅಲೆಯ ಎಳೆತ ಜಾರುವ ದಿಕ್ಕಿನಲ್ಲಿ, ನಮ್ಮ ಕೈ ಸುಲಿಯುವ ದಿಕ್ಕಿನಲ್ಲಿ. ಇನ್ನೊಂದು ಲೆಕ್ಕ: ಹೀಗೆ ಮಡಚಿದಾಗ ಭಾರ ಎರಡು ಎಳೆಗಳಿಗೆ ಹಂಚಿಹೋಗುತ್ತದೆ, ವೆಲ್ಕ್ರೋ ಮೇಲೆ ಬೀಳುವುದು ಅರ್ಧ ಮಾತ್ರ. ಮೇಜಿನ ಮೇಲೆ ನೇರವಾಗಿ ಎಳೆದು 7 ಕೆ.ಜಿ.ಗೆ ಬಿಟ್ಟ ವೆಲ್ಕ್ರೋ, ದೋಣಿಯಲ್ಲಿ ಸುಮಾರು 14 ಕೆ.ಜಿ.ಗೆ ಬಿಡುತ್ತದೆ. ಹಾಗಾಗಿ ಪರೀಕ್ಷೆಯನ್ನು ದೋಣಿಗೆ ಕಟ್ಟಿಯೇ ಮಾಡಿ. ಡೆಕ್ ಹಗ್ಗಕ್ಕೆ ಎರಡು ಸುತ್ತು ಹಾಕುವ ಬುದ್ಧಿವಂತಿಕೆ ಬೇಡ, ಆ ತಿಕ್ಕಾಟಕ್ಕೆ ಅದು ಬಿಡುವುದೇ ಇಲ್ಲ. ಹಿಡಿಗೆ ಮಣಿ ಪೋಣಿಸುವುದು, ತುದಿಗೆ ಗಂಟು ಹಾಕುವುದು ಅದಕ್ಕಿಂತ ಕೆಟ್ಟದ್ದು. ವೆಲ್ಕ್ರೋ ಬಿಚ್ಚಿದರೂ ಆ ಉಂಡೆ ಡೆಕ್ ಹಗ್ಗದಲ್ಲಿ ಸಿಕ್ಕಿ ನಿಲ್ಲುತ್ತದೆ. ತುದಿ ಚಪ್ಪಟೆಯಾಗಿಯೇ ಇರಲಿ.

ಹೊಸ ವೆಲ್ಕ್ರೋ ಹಿಡಿತ ಜಾಸ್ತಿ. ಮೂವತ್ತು ನಲವತ್ತು ಸಲ ತೆಗೆದು ಹಾಕಿ, ಉಪ್ಪುನೀರಲ್ಲಿ ನೆನೆಸಿ, ಆಮೇಲೆ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಿಂದ ಎಳೆದು ನೋಡಿ. 12ರಿಂದ 15 ಕೆ.ಜಿ. ನಡುವೆ ಬಿಟ್ಟರೆ ನನಗೆ ಸಮಾಧಾನ. ಇನ್ನೂ ಗಟ್ಟಿ ಇದ್ದರೆ ವೆಲ್ಕ್ರೋವನ್ನು ಒಂದೊಂದೇ ಸೆಂ.ಮೀ. ಕತ್ತರಿಸುತ್ತಾ ಬನ್ನಿ.

ಕಟ್ಟುವ ಜಾಗ ನಿಮ್ಮ ಮುಂದೆ, ಕೈಗೆಟಕುವಷ್ಟು ದೂರದಲ್ಲಿರಲಿ. ದೋಣಿಯೊಳಗೆ ನೀರು ಬರದಂತೆ ಸೊಂಟದ ಸುತ್ತ ಮುಚ್ಚುವ ಹೊದಿಕೆ, ಅಂದರೆ ಸ್ಪ್ರೇ ಸ್ಕರ್ಟ್, ಅದನ್ನು ಎಳೆದು ಬಿಚ್ಚುವ ಪಟ್ಟಿಯ ಮೇಲೆ ಲೀಶ್ ಹಾದುಹೋಗಕೂಡದು. ರೋಲ್ ಮಾಡುವಾಗ (ಮಗುಚಿದ ಕಯಾಕನ್ನು ಒಳಗೆ ಕೂತೇ ನೆಟ್ಟಗೆ ತಿರುಗಿಸುವಾಗ) ಪ್ಯಾಡಲನ್ನು ಎಷ್ಟು ದೂರ ಚಾಚುತ್ತೀರೋ ಅಷ್ಟಕ್ಕೆ ಸಾಕಾಗಬೇಕು. ಅದಕ್ಕಿಂತ ಉದ್ದ ಎಂದರೆ ಕುತ್ತಿಗೆಗೆ ಕುಣಿಕೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವವರೂ ಇದ್ದಾರೆ, ಅಲ್ವಾ? ಅಲೆಯಲ್ಲಿ ಬೇಡ. ಲೀಶ್ ಎಷ್ಟೇ ಚೆನ್ನಾಗಿರಲಿ, ಒಂದೇ ಕೈಯಲ್ಲಿ ಎಳೆಯಬಹುದಾದ ಚಾಕು ಲೈಫ್ ಜಾಕೆಟ್ಟಿನಲ್ಲಿರಲಿ.

ಕೊನೆಗೆ, ಸೊಂಟದುದ್ದದ ನಿಂತ ನೀರಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ. ಕಣ್ಣು ಮುಚ್ಚಿ ಹಿಡಿಯನ್ನು ಹುಡುಕಿ ಎಳೆಯಿರಿ. ಎಡಗೈಯಲ್ಲಿ ಒಮ್ಮೆ, ಬಲಗೈಯಲ್ಲಿ ಒಮ್ಮೆ. ಪ್ರತಿ ಸಲ ನೀರಿಗಿಳಿದು ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ವೆಲ್ಕ್ರೋ ಕೊಕ್ಕೆಗಳಲ್ಲಿ ಸಿಕ್ಕ ಮರಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ತಕ್ಕಡಿ 10 ಕೆ.ಜಿ. ತೋರಿಸುವ ಮೊದಲೇ ಬಿಚ್ಚತೊಡಗಿತೇ? ವೆಲ್ಕ್ರೋ ಬದಲಾಯಿಸಿ.